ಇನ್ನೊಬ್ಬರ ಪಂಚಾಂಗದಲ್ಲಿ ಬದುಕುವವರು: ಕಂಬಂ ಕಣಿವೆಯ ವಾದ್ಯಗಾರನ ಒಂದು ವರ್ಷ

ಏಲಕ್ಕಿ ವ್ಯಾಪಾರ ಗೊತ್ತಿರುವ ಬ್ಯಾರಿಗಳಿಗೆ ಬೋಡಿನಾಯಕನೂರು ಎಂಬ ಹೆಸರು ಹೊಸದಲ್ಲ. ಘಟ್ಟದ ಆಚೆ ಇಡುಕ್ಕಿಯಲ್ಲಿ ಬೆಳೆದ ಏಲಕ್ಕಿ ಘಟ್ಟ ಇಳಿದು ಹರಾಜಿಗೆ ಬರುವುದು ತಮಿಳುನಾಡಿನ ತೇನಿ ಜಿಲ್ಲೆಯ ಈ ಊರಿಗೆ. ನಾನೂ ಅಲ್ಲಿಗೆ ಮೊದಲು ಹೋದದ್ದು ವ್ಯಾಪಾರದ ಲೆಕ್ಕದಲ್ಲಿಯೇ. ಆದರೆ ನಾಲ್ಕಾರು ಸಲ ಹೋಗಿ ಬಂದ ಮೇಲೆ ನನ್ನನ್ನು ಹಿಡಿದು ನಿಲ್ಲಿಸಿದ್ದು ಅಲ್ಲಿನ ಬೀದಿಗಳಲ್ಲಿ ಕೇಳುವ ಚರ್ಮವಾದ್ಯದ ಸದ್ದು. ಒಂದು ಸಲ ಅದು ದೇವಿಯ ಮೆರವಣಿಗೆ, ಇನ್ನೊಂದು ಸಲ ಮದುವೆ, ಮತ್ತೊಂದು ಸಲ ಸಾವಿನ ಮನೆ. ಬಾರಿಸುವವರು ಮಾತ್ರ ಹೆಚ್ಚುಕಡಿಮೆ ಅದೇ ಕೇರಿಯವರು, ಅದೇ ಮುಖದವರು.

ಆ ಮುಖಗಳಿಗೆ ವರ್ಷವಿಡೀ ಏನು ಕೆಲಸ? ಹಬ್ಬವಿಲ್ಲದ ತಿಂಗಳಲ್ಲಿ ಅವರ ಮನೆಯ ಒಲೆ ಹೇಗೆ ಉರಿಯುತ್ತದೆ? ಈ ಪ್ರಶ್ನೆಯನ್ನು ಬೆನ್ನು ಹತ್ತಿದಾಗ ನನಗೆ ಸಿಕ್ಕಿದ್ದನ್ನು ನಮ್ಮ ಮನೆಯವರ ಮುಂದೆ ಇಡುತ್ತಿದ್ದೇನೆ. ನಮ್ಮಲ್ಲೂ ದಫ್ ಇದೆ, ಮದುವೆ ಮನೆಯ ಹಾಡು ಇದೆ. ಆದ್ದರಿಂದ ಇದು ಬರೀ ದೂರದ ಊರಿನ ಕತೆ ಅಲ್ಲ.

ದಿಂಡಿಗಲ್ ಮತ್ತು ನಾವು

ಮೊದಲು ಆ ನೆಲದ ಪರಿಚಯ. ಮದುರೈಯ ಪಶ್ಚಿಮಕ್ಕೆ, ಪಶ್ಚಿಮ ಘಟ್ಟದ ಬುಡದಲ್ಲಿ ಉದ್ದಕ್ಕೆ ಚಾಚಿರುವುದು ಕಂಬಂ ಕಣಿವೆ. ಹಿಂದೆ ಇದೆಲ್ಲ ದೊಡ್ಡ ಮದುರೈ ಜಿಲ್ಲೆಯ ಭಾಗ. 1985ರಲ್ಲಿ ದಿಂಡಿಗಲ್, 1996ರಲ್ಲಿ ತೇನಿ ಪ್ರತ್ಯೇಕ ಜಿಲ್ಲೆಗಳಾದವು. 1895ರಲ್ಲಿ ಮುಗಿದ ಮುಲ್ಲಪೆರಿಯಾರ್ ಅಣೆಕಟ್ಟು ಪಶ್ಚಿಮಕ್ಕೆ ಹರಿಯುತ್ತಿದ್ದ ನೀರನ್ನು ಸುರಂಗದ ಮೂಲಕ ಪೂರ್ವಕ್ಕೆ ತಿರುಗಿಸಿತು. ಅಂದಿನಿಂದ ಈ ಕಣಿವೆಯಲ್ಲಿ ಎರಡು ಬೆಳೆ ಭತ್ತ, ತೆಂಗು, ಬಾಳೆ, ದ್ರಾಕ್ಷಿ. ಇಲ್ಲಿನ ಪನ್ನೀರ್ ದ್ರಾಕ್ಷಿಗೆ 2023ರಲ್ಲಿ ಭೌಗೋಳಿಕ ಸೂಚಿಯ ಮಾನ್ಯತೆಯೂ ಸಿಕ್ಕಿತು.

ಕನ್ನಡಕ್ಕೂ ಈ ನೆಲಕ್ಕೂ ಹಳೆಯ ನಂಟು ಇದೆ. ಕಂಬಂ, ಬೋಡಿ, ದಿಂಡಿಗಲ್ ಕಡೆ ಮನೆಯೊಳಗೆ ಕನ್ನಡ ಆಡುವ ಒಕ್ಕಲಿಗ, ಕಾಪ್ಪಿಲಿಯರ್, ಅನುಪ್ಪರ್ ಸಮುದಾಯಗಳಿವೆ. ತಲೆಮಾರುಗಳ ಹಿಂದೆ ಬಂದು ನೆಲೆಸಿದ ಇವರ ಕನ್ನಡದಲ್ಲಿ ತಮಿಳು ಬೆರೆತಿದೆ. ನಮ್ಮ ಬ್ಯಾರಿ ಬಾಸೆಯ ಒಳಗೆ ತುಳು, ಮಲಯಾಳ, ಕನ್ನಡ ಬೆರೆತಿಲ್ಲವೇ, ಹಾಗೆಯೇ.

ಮೈಸೂರಿನ ಇತಿಹಾಸದಲ್ಲೂ ದಿಂಡಿಗಲ್‌ಗೆ ದೊಡ್ಡ ಸ್ಥಾನ. 1755ರಲ್ಲಿ ಹೈದರಾಲಿ ಇಲ್ಲಿಗೆ ಫೌಜುದಾರರಾಗಿ ಬಂದರು. ಅವರ ಏಳಿಗೆ ಶುರುವಾದದ್ದೇ ಈ ಕೋಟೆಯಿಂದ. ಊರಿನ ಬೇಗಂಪುರ ಎಂಬ ಭಾಗಕ್ಕೆ ಹೆಸರು ಬಂದದ್ದು ಅಲ್ಲಿ ದಫನಾದ ಹೈದರಾಲಿಯ ತಂಗಿ ಅಮೀರುನ್ನಿಸಾ ಬೇಗಂ ಅವರಿಂದ. 1783ರಲ್ಲಿ ಬ್ರಿಟಿಷರ ವಶವಾದ ದಿಂಡಿಗಲ್ ಮರಳಿ ಟಿಪ್ಪುವಿಗೆ ಸಿಕ್ಕಿದ್ದು 1784ರ ಮಾರ್ಚ್ 11ರ ಮಂಗಳೂರು ಒಪ್ಪಂದದಿಂದ. ನಮ್ಮ ಮಂಗಳೂರಿನಲ್ಲಿ ಸಹಿಯಾದ ಕಾಗದ ಅಷ್ಟು ದೂರದ ಕೋಟೆಯ ಬಾಗಿಲು ತೆರೆಸಿತ್ತು. 1790ರಲ್ಲಿ ಅದು ಮತ್ತೆ ಬ್ರಿಟಿಷರ ಕೈಗೆ ಹೋಗಿ, 1792ರ ಶ್ರೀರಂಗಪಟ್ಟಣ ಒಪ್ಪಂದದಲ್ಲಿ ಶಾಶ್ವತವಾಗಿ ಕೈಬಿಟ್ಟಿತು.

ರಾಜರ ಕತೆಯಲ್ಲಿ ಇಷ್ಟೆಲ್ಲ ತಾರೀಕುಗಳು ಸಿಗುತ್ತವೆ. ಅದೇ ಕೋಟೆಯ ಕೆಳಗಿನ ಬೀದಿಯಲ್ಲಿ ವಾದ್ಯ ಬಾರಿಸಿದವರ ತಾರೀಕುಗಳನ್ನು ಯಾರೂ ಬರೆದಿಡಲಿಲ್ಲ. ಅವರ ಇತಿಹಾಸ ಇರುವುದು ತಿಂಗಳುಗಳಲ್ಲಿ. ಪ್ರತಿ ವರ್ಷ ಅದೇ ತಿಂಗಳು, ಅದೇ ಊರು, ಅದೇ ಬಾರಿಸುವಿಕೆ.

ವಾದ್ಯ ಯಾವುದು, ಕೈ ಯಾರದು

ಈ ಕಡೆಯ ಹಳ್ಳಿ ಹಬ್ಬದ ಮುಖ್ಯ ಮೇಳ ನೈಯಾಂಡಿ ಮೇಳ. ಅದರಲ್ಲಿ ಸಾಮಾನ್ಯವಾಗಿ ಎರಡು ನಾದಸ್ವರ, ಎರಡು ತವಿಲ್, ಪಂಬೈ, ತಮುಕ್ಕು, ತಾಳ. ಮೇಳದ ಮುಂದೆ ತಲೆಯ ಮೇಲೆ ಕಳಶ ಹೊತ್ತು ಕುಣಿಯುವ ಕರಗಾಟದವರು. ಕೆಲವು ಕಡೆ ಉರುಮಿ ಸೇರುತ್ತದೆ. ಬಾಗಿದ ಕೋಲಿನಿಂದ ಚರ್ಮವನ್ನು ಉಜ್ಜಿದಾಗ ಹುಲಿ ಗುರುಗುಟ್ಟಿದ ಹಾಗೆ ಸದ್ದು ಹೊರಡಿಸುವ ವಾದ್ಯ ಅದು. ತುಮಕೂರು, ಚಿತ್ರದುರ್ಗದ ಕಡೆ ಇದನ್ನೇ ಉರುಮೆ ಎನ್ನುತ್ತಾರೆ.

ಇನ್ನೊಂದು ವಾದ್ಯ ಪರೈ. ತಪ್ಪು ಎಂದೂ ಕರೆಯುತ್ತಾರೆ. ಬೇವು ಅಥವಾ ಹಲಸಿನ ಮರದ ತುಂಡುಗಳನ್ನು ಜೋಡಿಸಿದ ಬಳೆ, ಅದಕ್ಕೆ ಹುಣಸೆ ಬೀಜದ ಅಂಟಿನಿಂದ ಅಂಟಿಸಿದ ಕರುವಿನ ಚರ್ಮ. ಒಂದು ಕೈಯಲ್ಲಿ ತೆಳ್ಳಗಿನ ಉದ್ದನೆಯ ಬಿದಿರು ಸೀಳು, ಇನ್ನೊಂದು ಕೈಯಲ್ಲಿ ದಪ್ಪದ ಗಿಡ್ಡ ಕೋಲು. ಬಾರಿಸುವ ಮೊದಲು ಒಣಹುಲ್ಲಿನ ಬೆಂಕಿಗೆ ಹಿಡಿದು ಬಿಸಿ ಮಾಡಬೇಕು, ಆಗಲೇ ಚರ್ಮ ಬಿಗಿಯಾಗಿ ಸದ್ದು ತೆರೆದುಕೊಳ್ಳುವುದು. ದಫ್ ತಂಡದಲ್ಲಿದ್ದ ನಮ್ಮ ಹಿರಿಯರಿಗೆ ಈ ಕೆಲಸದ ಬಗ್ಗೆ ವಿವರಿಸಬೇಕಿಲ್ಲ. ಚರ್ಮ ಬಿಸಿಯಾಯಿತೇ ಎಂದು ಬೆರಳಿನಿಂದ ತಟ್ಟಿ ನೋಡುವುದು ಅವರೂ ಮಾಡಿದ್ದೇ. ಪರೈ ಎಂಬ ಮಾತಿಗೆ ಹೇಳು ಎಂಬ ಅರ್ಥವೂ ಇದೆ. ಮಲಯಾಳದ ‘ಪರಯುಕ’ ಕೇಳಿ ಬಲ್ಲ ಬ್ಯಾರಿಗಳಿಗೆ ಅದು ಕೂಡಲೇ ಹೊಳೆಯುತ್ತದೆ. ಅಂದರೆ ಇದು ಊರಿಗೆ ಸುದ್ದಿ ಹೇಳುವ ವಾದ್ಯ.

ಆದರೆ ಊರು ಈ ಎರಡು ವಾದ್ಯಗಳನ್ನು ಒಂದೇ ಕಣ್ಣಿನಿಂದ ನೋಡಲಿಲ್ಲ. ನಾದಸ್ವರ, ತವಿಲ್ ಮಂಗಳವಾದ್ಯಗಳಾದವು, ಮದುವೆ ಮಂಟಪದೊಳಗೆ ಬಂದವು. ದಲಿತರ ಕೈಯಲ್ಲಿದ್ದ ಪರೈ ಸಾವಿನ ವಾದ್ಯವಾಯಿತು, ಮನೆಯ ಹೊರಗೆ ಉಳಿಯಿತು. ಚರ್ಮ ಎರಡರಲ್ಲೂ ಇದೆ. ಮೈಲಿಗೆ ಒಂದಕ್ಕೆ ಮಾತ್ರ ಅಂಟಿತು. ದಿಂಡಿಗಲ್ ಊರು ಬೀಗಕ್ಕೆ ಹೇಗೋ ಹಾಗೆ ಚರ್ಮ ಹದಮಾಡುವ ಕಾರ್ಖಾನೆಗಳಿಗೂ ಹೆಸರಾದದ್ದು. ಆ ವ್ಯಾಪಾರದಲ್ಲಿ ಮುಸ್ಲಿಮ್ ಮನೆತನಗಳ ಪಾಲು ದೊಡ್ಡದು. ಚರ್ಮ ಮಾರಿದವನು ಸಾಹುಕಾರ, ಅದೇ ಚರ್ಮ ಬಾರಿಸಿದವನು ಹೊರಗಿನವನು. ವ್ಯಾಪಾರಿ ಸಮುದಾಯದವರಾದ ನಾವು ಇದನ್ನು ಒಂದು ನಿಮಿಷ ಯೋಚಿಸಬೇಕು.

ತೈ ತಿಂಗಳಿಂದ ಆನಿ ತಿಂಗಳವರೆಗೆ

ವಾದ್ಯಗಾರನ ವರ್ಷ ಶುರುವಾಗುವುದು ತೈ ತಿಂಗಳಲ್ಲಿ, ಅಂದರೆ ಜನವರಿ ನಡುವಿನಲ್ಲಿ. ಪೊಂಗಲ್ ಬಂತೆಂದರೆ ಕಂಬಂನಲ್ಲಿ ಜನ ನಂದಗೋಪಾಲ ಸ್ವಾಮಿಯ ದೊಡ್ಡಿಗೆ ಹೋಗುತ್ತಾರೆ. ಅಲ್ಲಿ ಕನ್ನಡ ಮಾತಾಡುವ ಸಮುದಾಯದವರು ತಲೆಮಾರುಗಳಿಂದ ಸಾಕಿಕೊಂಡು ಬಂದ ದೇವರ ದನಗಳ ಹಿಂಡು ಇದೆ. ತಮಿಳಿನಲ್ಲಿ ತಂಬಿರಾನ್ ಮಾಡು ಎಂದು ಹೆಸರು. 1909ರಲ್ಲಿ ಪ್ರಕಟವಾದ ಎಡ್ಗರ್ ಥರ್ಸ್ಟನ್ ಅವರ ಗ್ರಂಥದಲ್ಲಿ ಇದರ ವಿವರ ಬರುತ್ತದೆ. ಹಿಂಡಿನ ರಾಜ ಹೋರಿ ಸತ್ತರೆ ಕಬ್ಬನ್ನು ಮುಂದೆ ಇಟ್ಟು, ಯಾವ ಹೋರಿ ಬಂದು ಬಾಯಿ ಹಾಕುತ್ತದೋ ಅದಕ್ಕೆ ಪಟ್ಟ. ಅಲ್ಲಿ ‘ಆವು’ ಎಂಬ ಹಳಗನ್ನಡದ ಮಾತು ಇನ್ನೂ ಜೀವಂತವಾಗಿದ್ದದ್ದನ್ನೂ ಅವರು ದಾಖಲಿಸಿದ್ದಾರೆ.

ಅದೇ ತಿಂಗಳಲ್ಲಿ ದಿಂಡಿಗಲ್ ಜಿಲ್ಲೆಯ ಪಳನಿಯಲ್ಲಿ ತೈಪೂಸಂ. ಊರೂರಿಂದ ಕಾವಡಿ ಹೊತ್ತು ನಡೆದು ಹೋಗುವವರ ಜೊತೆ ವಾದ್ಯವೂ ನಡೆಯುತ್ತದೆ. ಹೆಗಲಿಗೆ ತವಿಲ್ ಕಟ್ಟಿಕೊಂಡು ಟಾರು ರಸ್ತೆಯಲ್ಲಿ ಬಾರಿಸುತ್ತಾ ನಡೆಯುವುದು ಕೂತು ಬಾರಿಸುವ ಕಛೇರಿಯ ಹಾಗಲ್ಲ. ಮಾಸಿಯಲ್ಲಿ ದಿಂಡಿಗಲ್ ಕೋಟೆ ಮಾರಿಯಮ್ಮನ ಉತ್ಸವ. ಪಂಗುನಿಯಲ್ಲಿ ಮತ್ತೆ ಪಳನಿ, ಪಂಗುನಿ ಉತ್ತಿರ.

ಚಿತ್ತಿರೈ ಬಂದರೆ ಕಣಿವೆಯ ಅತಿ ದೊಡ್ಡ ಹಬ್ಬ. ತೇನಿಯ ಹತ್ತಿರ ಮುಲ್ಲೈ ಹೊಳೆಯ ದಡದಲ್ಲಿರುವ ವೀರಪಾಂಡಿಯ ಗೌಮಾರಿಯಮ್ಮನ ಉತ್ಸವ. ಮೇ ತಿಂಗಳ ಉರಿಬಿಸಿಲಿನಲ್ಲಿ ಎಂಟು ದಿನ, ಹಗಲು ರಾತ್ರಿ. ಕೆಂಡದ ಮಡಕೆ ಕೈಯಲ್ಲಿ ಹಿಡಿದು ಹರಕೆ ಒಪ್ಪಿಸುವವರ ಸಾಲು, ಪ್ರತಿ ಗುಂಪಿನ ಮುಂದೆ ವಾದ್ಯ. ಆ ಬಳಿಕ ವೈಕಾಸಿ, ಆನಿ ತಿಂಗಳುಗಳಲ್ಲಿ ಹಳ್ಳಿ ಹಳ್ಳಿಯ ಅಮ್ಮನ ಹಬ್ಬ, ಮೊಳಕೆ ಕಾಳಿನ ಮೆರವಣಿಗೆ, ಜೊತೆಗೆ ಮದುವೆಗಳು.

ಇಲ್ಲಿ ಒಂದು ವ್ಯತ್ಯಾಸ ಗಮನಿಸಬೇಕು. ನಮ್ಮ ತುಳುನಾಡಿನಲ್ಲಿ ಕೋಲ, ನೇಮ, ಯಕ್ಷಗಾನದ ತಿರುಗಾಟ ಎಲ್ಲವೂ ಪತ್ತನಾಜೆಗೆ, ಅಂದರೆ ಮೇ ಕೊನೆಯ ವಾರಕ್ಕೆ ಮುಗಿಯುತ್ತವೆ. ಜೂನ್‌ನ ಮಳೆಯಲ್ಲಿ ಗೆಜ್ಜೆ ಕಟ್ಟುವಂತಿಲ್ಲ. ಕಂಬಂ ಕಣಿವೆ ಘಟ್ಟದ ಮರೆಯಲ್ಲಿದೆ. ನಮ್ಮ ಮೇಲೆ ಸುರಿಯುವ ಮಳೆಯ ಹೆಚ್ಚಿನ ಪಾಲು ಅಲ್ಲಿಗೆ ದಾಟುವುದಿಲ್ಲ. ಆದ್ದರಿಂದ ಅಲ್ಲಿನ ವಾದ್ಯಗಾರನಿಗೆ ಜುಲೈ ನಡುವಿನವರೆಗೂ ಕೆಲಸ ಇದೆ. ಒಂದೇ ಬೆಟ್ಟಸಾಲು, ಇತ್ತ ಒಂದು ಪಂಚಾಂಗ, ಅತ್ತ ಇನ್ನೊಂದು.

ಕೆಲಸ ಒಪ್ಪುವ ಕ್ರಮ ಸರಳ. ಊರಿನವರು ಬಂದು ವೀಳ್ಯದೆಲೆ, ಅಡಿಕೆಯ ಮೇಲೆ ಮುಂಗಡ ಇಟ್ಟರೆ ಮಾತು ಆಯಿತು. ಉಳಿದ ಹಣ ಹಬ್ಬ ಮುಗಿದ ಮೇಲೆ. ಆ ಮೊತ್ತ ಒಬ್ಬನದಲ್ಲ, ಇಡೀ ಮೇಳದ್ದು. ವ್ಯಾನಿನ ಬಾಡಿಗೆ, ದಾರಿಯ ಊಟ, ಹರಿದ ಚರ್ಮಕ್ಕೆ ಹೊಸ ಚರ್ಮ, ಕರಗಾಟದವರ ಉಡುಪು, ಕೆಲಸ ಹಿಡಿದು ಕೊಟ್ಟವನ ಪಾಲು ಎಲ್ಲ ಕಳೆದು ಉಳಿದದ್ದನ್ನು ಹಂಚಿಕೊಳ್ಳಬೇಕು. ಬೋಡಿಯ ಚಹಾದಂಗಡಿಯಲ್ಲಿ ಒಬ್ಬ ತವಿಲ್‌ನವರ ಹತ್ತಿರ, “ಅಣ್ಣೇ, ಈ ವರ್ಷ ಹೇಗೆ?” ಎಂದು ಕೇಳಿದ್ದೆ. ಅವರು ನಕ್ಕು, “ಬಾಯ್, ನಿಮಗೆ ಏಲಕ್ಕಿ ಒಣಗಿದರೆ ಬೆಲೆ, ನಮಗೆ ಕೈ ಒಣಗಿದರೆ ಹಸಿವು” ಎಂದರು. ಆ ಕಡೆ ಮುಸ್ಲಿಮರನ್ನು ಪ್ರೀತಿಯಿಂದ ಬಾಯ್ ಎಂದೇ ಕರೆಯುವುದು. ಅವರ ಬೆರಳುಗಳಿಗೆ ಬಿಗಿದ ಅಂಟಿನ ಟೊಪ್ಪಿಗಳನ್ನು ನಾನು ಹತ್ತಿರದಿಂದ ನೋಡಿದ್ದು ಅವತ್ತೇ. ತವಿಲ್‌ನ ಬಲಗಡೆ ಬಾರಿಸಲು ಬೆರಳಿಗೆ ಇಂಥ ಗಟ್ಟಿ ಕವಚ ಬೇಕು.

ಆಡಿ ಮತ್ತು ಆಟಿ

ಜುಲೈ ನಡುವಿನಲ್ಲಿ ಆಡಿ ತಿಂಗಳು ಹುಟ್ಟಿದರೆ ಮದುವೆಗಳು ನಿಂತವು. ಅಮ್ಮನ ಗುಡಿಗಳ ಕೆಲಸ ಇದೆ, ಕುಚ್ಚನೂರಿನ ಶನೀಶ್ವರ ದೇವಸ್ಥಾನದಲ್ಲಿ ಆಡಿಯ ಶನಿವಾರಗಳ ಉತ್ಸವ ಇದೆ, ಆದರೆ ಮದುವೆಯ ಹಣ ಇಲ್ಲ. ಆವಣಿಯಲ್ಲಿ ಮದುವೆಗಳು ಮತ್ತೆ ಶುರು. ಪುರಟ್ಟಾಸಿಯಲ್ಲಿ ಮತ್ತೆ ಬಂದ್. ಐಪ್ಪಸಿಯಲ್ಲಿ ದೀಪಾವಳಿ ಮತ್ತು ಹಿಂಗಾರು ಮಳೆ. ಕಾರ್ತಿಗೈಯಲ್ಲಿ ಸ್ವಲ್ಪ ಮದುವೆ. ಮಾರ್ಗಳಿ ಬಂದರೆ ಪೂರ್ತಿ ಖಾಲಿ. ಡಿಸೆಂಬರ್ ನಡುವಿನಿಂದ ಜನವರಿ ನಡುವಿನವರೆಗಿನ ಇದೇ ಮಾರ್ಗಳಿಯಲ್ಲಿ ಚೆನ್ನೈಯ ಸಭಾಗಳು ಸಂಗೀತೋತ್ಸವದಿಂದ ತುಂಬಿರುತ್ತವೆ. ಒಂದೇ ರಾಜ್ಯ, ಒಂದೇ ತಿಂಗಳು. ಅಲ್ಲಿ ಕಛೇರಿಯ ಸುಗ್ಗಿ, ಇಲ್ಲಿ ವಾದ್ಯ ಗೋಡೆಯ ಮೊಳೆಯಲ್ಲಿ.

ಖಾಲಿ ತಿಂಗಳಲ್ಲಿ ವಾದ್ಯಗಾರರು ಕೂಲಿಗೆ ಹೋಗುತ್ತಾರೆ. ದ್ರಾಕ್ಷಿ ತೋಟ, ಬಾಳೆ ತೋಟ, ಗದ್ದೆ. ಬೋಡಿ, ಕಂಬಂ ಕಡೆಯಿಂದ ಮುಂಜಾನೆ ಜೀಪುಗಳು ಬೋಡಿಮೆಟ್ಟು, ಕಂಬಂಮೆಟ್ಟು, ಕುಮಿಳಿ ಹತ್ತಿ ಕೇರಳದ ಏಲಕ್ಕಿ ತೋಟಗಳಿಗೆ ಕೂಲಿಯವರನ್ನು ಕೊಂಡೊಯ್ಯುತ್ತವೆ, ಸಂಜೆ ಇಳಿಸುತ್ತವೆ. ನಾವು ತೂಗಿ ಕೊಳ್ಳುವ ಏಲಕ್ಕಿಯನ್ನು ಕೊಯ್ದ ಕೈಗಳಲ್ಲಿ ವಾದ್ಯದ ಕೈಗಳೂ ಇವೆ.

ಇನ್ನೊಂದು ಆಸರೆ ದರ್ಗಾಗಳ ಹಬ್ಬ. ಕಂಬಂ, ಉತ್ತಮಪಾಳಯಂ, ದಿಂಡಿಗಲ್ ಕಡೆ ತಮಿಳು ಮಾತಾಡುವ ರಾವುತ್ತರ್ ಮುಸ್ಲಿಮರು ಬಹಳ. ಉತ್ತಮಪಾಳಯದಲ್ಲಿ 1956ರಲ್ಲಿ ಶುರುವಾದ ಹಾಜಿ ಕರುತ್ತ ರಾವುತ್ತರ್ ಹೌದಿಯಾ ಕಾಲೇಜು ಅವರ ದೊಡ್ಡ ಕೊಡುಗೆ. ತಮಿಳುನಾಡಿನ ದರ್ಗಾಗಳಲ್ಲಿ ಕಂದೂರಿ ಎಂಬ ಉರೂಸ್, ಸಂದನಕ್ಕೂಡು ಎಂಬ ಗಂಧದ ಮೆರವಣಿಗೆ ನಡೆಯುವಾಗ ವಾದ್ಯದವರನ್ನು ಕರೆಸುವ ರೂಢಿ ಹಲವು ಕಡೆ ಇದೆ. ಹಿಜರಿ ವರ್ಷ ಹತ್ತು ಹನ್ನೊಂದು ದಿನ ಚಿಕ್ಕದು. ಆದ್ದರಿಂದ ಉರೂಸ್ ಪ್ರತಿ ವರ್ಷ ಹಿಂದಕ್ಕೆ ಸರಿಯುತ್ತಾ, ಸುಮಾರು 33 ವರ್ಷಕ್ಕೊಮ್ಮೆ ಎಲ್ಲ ತಿಂಗಳುಗಳನ್ನೂ ಸುತ್ತಿ ಬರುತ್ತದೆ. ಕೆಲವು ವರ್ಷ ಅದು ವಾದ್ಯಗಾರನ ಖಾಲಿ ತಿಂಗಳಲ್ಲಿ ಬಂದು ನಿಲ್ಲುತ್ತದೆ. ಒಂದು ಸಮುದಾಯದ ಚಾಂದ್ರಮಾನ ಇನ್ನೊಂದು ಸಮುದಾಯದ ಅನ್ನಕ್ಕೆ ದಾರಿ ಮಾಡುವುದು ಹೀಗೆ.

ಆಡಿ ಎಂದರೆ ನಮ್ಮ ಆಟಿಯೇ. ತುಳುನಾಡಿನ ಹಳಬರು ಆಟಿ ತಿಂಗಳ ಹಸಿವು ಮರೆತಿಲ್ಲ. ಆಟಿಯಲ್ಲಿ ಕೋಲ ಇಲ್ಲ, ಕೋಲ ಕಟ್ಟುವ ನಲಿಕೆಯವರಿಗೆ ಸಂಪಾದನೆ ಇಲ್ಲ. ಆಗ ಅವರೇ ಆಟಿಕಳಂಜನ ವೇಷ ಹಾಕಿ, ತೆಂಬರೆ ಬಾರಿಸುತ್ತಾ ಮಳೆಯಲ್ಲಿ ಮನೆಮನೆಗೆ ಬರುತ್ತಾರೆ. ಊರಿನ ಮಾರಿಯನ್ನು ಓಡಿಸಿ, ಅಕ್ಕಿ, ತೆಂಗಿನಕಾಯಿ, ಮೆಣಸು, ಉಪ್ಪು ಪಡೆದು ಹೋಗುತ್ತಾರೆ. ನಾವು ಇದನ್ನು ನಂಬಿಕೆ ಎಂದೋ ಜಾನಪದ ಎಂದೋ ಓದುತ್ತೇವೆ. ಅದರೊಳಗೆ ಒಂದು ಲೆಕ್ಕವೂ ಇದೆ: ಎಂಟು ತಿಂಗಳು ನಮಗಾಗಿ ಕುಣಿದವನಿಗೆ ಖಾಲಿ ತಿಂಗಳಲ್ಲೂ ಊರು ಅಕ್ಕಿ ಕೊಡಬೇಕು. ಅದು ಭಿಕ್ಷೆಯ ಹಾಗೆ ಕಂಡರೂ ಹಕ್ಕಿನ ಗುಣ ಅದರಲ್ಲಿ ಇತ್ತು.

ಪಂಚಾಂಗ ಇಲ್ಲದ ಕೆಲಸ

ಪರೈ ಬಾರಿಸುವವರಿಗೆ ಯಾವ ತಿಂಗಳಲ್ಲೂ ನಿಲ್ಲದ ಕೆಲಸ ಒಂದಿದೆ. ಸಾವು. ಸುದ್ದಿ ಬಂದ ಕೂಡಲೇ ಹೊರಡಬೇಕು, ಹೆಣ ಸುಡುವವರೆಗೆ ಬಾರಿಸಬೇಕು. ಹಿಂದೆ ಇದು ಒಪ್ಪಿಕೊಂಡು ಮಾಡುವ ಕೆಲಸವೇ ಆಗಿರಲಿಲ್ಲ, ಹುಟ್ಟಿನಿಂದ ಹೊರಿಸಿದ ಊಳಿಗ. ಬರುವುದಿಲ್ಲ ಎಂದರೆ ಊರಿನ ಸಿಟ್ಟು, ಕೂಲಿ ಕೆಲಸಕ್ಕೆ ಕಲ್ಲು. ಊರಿಗೆ ಸುದ್ದಿ ಸಾರುವ ಡಂಗುರವೂ ಅವರ ಮೇಲೆಯೇ ಇತ್ತು. 2022ರ ಆಗಸ್ಟ್‌ನಲ್ಲಿ ತಮಿಳುನಾಡಿನ ಮುಖ್ಯ ಕಾರ್ಯದರ್ಶಿ, ಇನ್ನು ಮುಂದೆ ಸಾರ್ವಜನಿಕ ಪ್ರಕಟಣೆಗೆ ಡಂಗುರ ಬೇಡ, ಧ್ವನಿವರ್ಧಕ ಸಾಕು ಎಂದು ಜಿಲ್ಲಾಧಿಕಾರಿಗಳಿಗೆ ಬರೆದರು. ಅಷ್ಟು ಇತ್ತೀಚಿನವರೆಗೂ ಅದು ನಡೆದಿತ್ತು ಎಂಬುದನ್ನು ಆ ಪತ್ರವೇ ಹೇಳುತ್ತದೆ.

ನಮ್ಮ ಕರಾವಳಿಯವರು ಇದನ್ನು ಓದಿ ತಮಿಳುನಾಡಿನ ಕಡೆ ಬೆರಳು ತೋರಿಸಿ ಸುಮ್ಮನಾಗುವಂತಿಲ್ಲ. ಕೊರಗರ ಡೋಲು ನಮ್ಮ ಊರಿನದ್ದೇ. ಕಂಬಳಕ್ಕೆ, ಜಾತ್ರೆಗೆ ಕೊರಗರನ್ನು ಕರೆಸಿ ಡೋಲು ಬಾರಿಸಿಸುವುದು, ಅವರನ್ನು ಮನುಷ್ಯರಿಗಿಂತ ಕೀಳಾಗಿ ನಡೆಸಿಕೊಳ್ಳುವ ಅಜಲು ಪದ್ಧತಿ ನಮ್ಮ ಜಿಲ್ಲೆಗಳಲ್ಲಿ ನಡೆದದ್ದೇ. ಅದನ್ನು ನಿಷೇಧಿಸುವ ಕಾಯ್ದೆಯನ್ನು ಕರ್ನಾಟಕ ತಂದದ್ದು 2000ದಲ್ಲಿ. ಡೋಲು ಕೊರಗರ ಸ್ವಂತ ಸಂತೋಷದ ವಾದ್ಯವೂ ಹೌದು. ಅದೇ ವಾದ್ಯ ಇನ್ನೊಬ್ಬರ ಅಪ್ಪಣೆಯಲ್ಲಿ ಬಾರಿಸಿದಾಗ ಸಂಕೋಲೆಯಾಗುತ್ತದೆ. ವ್ಯತ್ಯಾಸ ಇರುವುದು ಬಾರಿಸುವುದಿಲ್ಲ ಎಂದು ಹೇಳುವ ಹಕ್ಕಿನಲ್ಲಿ.

ಬೇರೆ ದಾರಿ ಹಿಡಿದವರು

ಈ ಕಣಿವೆಯಲ್ಲಿಯೇ ಆ ಪಂಚಾಂಗದ ಹೊರಗೆ ಹೆಜ್ಜೆ ಇಟ್ಟವರು ಇದ್ದಾರೆ. ತೇನಿ ಜಿಲ್ಲೆಯ ಪಣ್ಣೈಪುರಂನ ಪಾವಲರ್ ವರದರಾಜನ್ ಹಾಡು ಕಟ್ಟಿ ಹಾಡುವವರು. ಅವರು ದೇವಸ್ಥಾನದ ಹಬ್ಬಕ್ಕೆ ಕಾಯಲಿಲ್ಲ, ಕಮ್ಯುನಿಸ್ಟ್ ಪಕ್ಷದ ವೇದಿಕೆಗಳಲ್ಲಿ ಹಾಡಿದರು. 1958ರಲ್ಲಿ ಕೇರಳದ ದೇವಿಕುಳಂ ಉಪಚುನಾವಣೆ ನಡೆದಾಗ ಗುಡ್ಡದ ಮೇಲಿನ ತಮಿಳು ಕೂಲಿಗಳ ಮುಂದೆ ಅವರ ಹಾಡು ಮೊಳಗಿತು. ಪಕ್ಷದ ಅಭ್ಯರ್ಥಿ ರೋಸಮ್ಮ ಪುನ್ನೂಸ್ ಗೆದ್ದರು. ಆ ತಿರುಗಾಟದಲ್ಲಿ ಅಣ್ಣನ ಜೊತೆ ಹದಿಹರೆಯದ ತಮ್ಮನೂ ಇದ್ದ. ಆ ತಮ್ಮನೇ 1976ರ ‘ಅನ್ನಕ್ಕಿಳಿ’ ಚಿತ್ರದಿಂದ ಲೋಕಕ್ಕೆ ಗೊತ್ತಾದ ಇಳಯರಾಜಾ. ನಮ್ಮ ಕನ್ನಡ ಚಿತ್ರಗಳಿಗೂ ಅವರು ಕೊಟ್ಟ ಸಂಗೀತ ನಮ್ಮೆಲ್ಲರ ಕಿವಿಯಲ್ಲಿದೆ. ಸಭಾಂಗಣಕ್ಕೆ ಹೋಗುವ ಮೊದಲು ಸುಮಾರು ಹತ್ತು ವರ್ಷ ಅವರು ಬದುಕಿದ್ದು ತಿರುಗಾಟದ ಹಾಡುಗಾರರಾಗಿ. ಅವರ ಇನ್ನೊಬ್ಬ ತಮ್ಮ ಗಂಗೈ ಅಮರನ್ 1989ರಲ್ಲಿ ‘ಕರಗಾಟ್ಟಕ್ಕಾರನ್’ ಎಂಬ ಚಿತ್ರ ಮಾಡಿದರು. ಅದರಲ್ಲಿ ತವಿಲ್ ಬಾರಿಸುವ ಗೌಂಡಮಣಿ, ನಾದಸ್ವರ ಊದುವ ಸೆಂದಿಲ್ ಬಾಳೆಹಣ್ಣಿನ ಲೆಕ್ಕಕ್ಕೆ ಜಗಳ ಮಾಡುವ ದೃಶ್ಯ ತಮಿಳು ಬಾರದವರನ್ನೂ ನಗಿಸಿದೆ. ನಗು ಇಳಿದ ಮೇಲೆ ನೋಡಿದರೆ ಅದೂ ಹಳೆಯ ಕಾರಿನಲ್ಲಿ ಊರೂರು ತಿರುಗುವ ಒಂದು ಮೇಳದ ಬದುಕೇ.

ದಿಂಡಿಗಲ್‌ನಲ್ಲಿ 1990ರಲ್ಲಿ ಸಿಸ್ಟರ್ ಚಂದ್ರಾ ಶಕ್ತಿ ಜಾನಪದ ಕೇಂದ್ರವನ್ನು ಕಟ್ಟಿದರು. ಗಂಡಸರದ್ದೇ ಎಂದಾಗಿದ್ದ, ಸಾವಿಗೆ ಎಂದಾಗಿದ್ದ ಪರೈಯನ್ನು ಅವರು ದಲಿತ ಹೆಣ್ಣುಮಕ್ಕಳ ಕೈಗೆ ಕೊಟ್ಟರು. ಬಡತನದಿಂದ ಶಾಲೆ ಬಿಟ್ಟ ಹುಡುಗಿಯರು ಅಲ್ಲಿ ಕಲಿತು ವೇದಿಕೆ ಏರಿದರು. ಅಮೆರಿಕದ ಸಂಗೀತ ವಿದ್ವಾಂಸೆ ಜೋಯಿ ಶೆರಿನಿಯನ್ ಅವರ ಬಗ್ಗೆ ಸಾಕ್ಷ್ಯಚಿತ್ರವನ್ನೇ ಮಾಡಿದ್ದಾರೆ. ದಿಂಡಿಗಲ್‌ನಿಂದ ದೂರವಿಲ್ಲದ ಅಲಂಗಾನಲ್ಲೂರಿನ ಪರೈ ಗುರು ವೇಲು ಆಸಾನ್ ಅವರಿಗೆ 2025ರಲ್ಲಿ ಪದ್ಮಶ್ರೀ ಬಂತು. ಅದಕ್ಕೆ ಎರಡು ವರ್ಷ ಮೊದಲು, 2023ರಲ್ಲಿ, ನಮ್ಮ ಚಿಕ್ಕಬಳ್ಳಾಪುರ ಜಿಲ್ಲೆಯ ತಮಟೆ ಕಲಾವಿದ ಮುನಿವೆಂಕಟಪ್ಪ ಅವರಿಗೂ ಅದೇ ಗೌರವ ಬಂದಿತ್ತು. ಬೀದಿಯ ವಾದ್ಯಗಳೆರಡು ರಾಷ್ಟ್ರಪತಿ ಭವನದ ಮೆಟ್ಟಿಲು ಹತ್ತಿದವು.

ಇದು ಸಣ್ಣ ಸಂಗತಿಯಲ್ಲ. ಆದರೆ ಪದ್ಮಶ್ರೀ ಒಬ್ಬರಿಗೆ, ಹಸಿವಿನ ತಿಂಗಳು ಎಲ್ಲರಿಗೆ.

ಬಾಗಿಲು ಮುಚ್ಚಿದ ಎರಡು ವರ್ಷ

ಅದು ಎಷ್ಟು ನಿಜ ಎಂದು 2020 ತೋರಿಸಿಕೊಟ್ಟಿತು. ಮಾರ್ಚ್ 25ಕ್ಕೆ ದೇಶದ ಲಾಕ್‌ಡೌನ್ ಶುರುವಾದಾಗ ಅಲ್ಲಿ ಪಂಗುನಿ ತಿಂಗಳು ನಡೆಯುತ್ತಿತ್ತು. ಪಂಗುನಿ, ಚಿತ್ತಿರೈ, ವೈಕಾಸಿ, ಅಂದರೆ ವಾದ್ಯಗಾರ ವರ್ಷದ ಅನ್ನ ಸಂಪಾದಿಸುವ ಮೂರೂ ತಿಂಗಳು ಬಾಗಿಲು ಮುಚ್ಚಿತು. ಮುಂದಿನ ವರ್ಷ ಸುಧಾರಿಸೀತು ಎಂದು ಕಾದರೆ 2021ರ ಮೇ 10ಕ್ಕೆ ತಮಿಳುನಾಡಿನಲ್ಲಿ ಮತ್ತೆ ಪೂರ್ಣ ಲಾಕ್‌ಡೌನ್. ಮತ್ತೆ ಅದೇ ಸುಗ್ಗಿ ತಿಂಗಳು. ಅಂಗಡಿಯವನಿಗೆ ಎರಡು ತಿಂಗಳು ಮುಚ್ಚಿದರೆ ಎರಡು ತಿಂಗಳ ನಷ್ಟ. ಇವರಿಗೆ ಅದು ಇಡೀ ವರ್ಷದ ನಷ್ಟ.

ತಮಿಳುನಾಡು ಸರಕಾರ 2007ರಲ್ಲಿಯೇ ಜಾನಪದ ಕಲಾವಿದರ ಕಲ್ಯಾಣ ಮಂಡಳಿ ಸ್ಥಾಪಿಸಿತ್ತು. ನೋಂದಣಿ ಮಾಡಿಸಿದವರಿಗೆ ಮಕ್ಕಳ ಓದಿಗೆ, ಮದುವೆಗೆ, ಅಪಘಾತಕ್ಕೆ, ಮರಣಕ್ಕೆ ನೆರವು ಇದೆ. ನಮ್ಮ ರಾಜ್ಯದಲ್ಲೂ ವಯಸ್ಸಾದ ಕಲಾವಿದರಿಗೆ ಮಾಸಾಶನ ಇದೆ. ಇವೆಲ್ಲ ಬೇಕಾದ್ದೇ. ಆದರೆ ನೋಂದಣಿಗೆ ಕಾಗದ ಬೇಕು, ಕಾಗದಕ್ಕೆ ಓದು ಬೇಕು, ಕಚೇರಿಗೆ ಅಲೆಯಲು ಕೂಲಿ ಬಿಡಬೇಕು. ಕರೆದಾಗ ಬಂದು ಬಾರಿಸಿ ಹೋಗುವವನ ಹತ್ತಿರ ತಾನು ವಾದ್ಯಗಾರ ಎಂಬುದಕ್ಕೆ ರಶೀದಿ ಎಲ್ಲಿಂದ ಬರಬೇಕು?

ನಮ್ಮ ದಫ್, ನಮ್ಮ ಲೆಕ್ಕ

ಈಗ ನಮ್ಮ ಮನೆಯ ಕಡೆ ನೋಡೋಣ. 2009ರಲ್ಲಿ ಕರ್ನಾಟಕ ಬ್ಯಾರಿ ಸಾಹಿತ್ಯ ಅಕಾಡೆಮಿ ಸ್ಥಾಪನೆಯಾದ ಮೇಲೆ ನಮ್ಮ ಹಾಡು, ದಫ್, ಕೋಲ್ಕಳಿಗೆ ವೇದಿಕೆ ಸಿಕ್ಕಿದೆ. ದಫ್ ಸ್ಪರ್ಧೆಗಳು ನಡೆಯುತ್ತವೆ, ಟ್ರೋಫಿ ಕೊಡುತ್ತೇವೆ, ಶಾಲು ಹೊದಿಸುತ್ತೇವೆ. ಒಳ್ಳೆಯದೇ. ಆದರೆ ಮೊಯಿಲಾಂಜಿ ರಾತ್ರಿ ಗಂಟಲು ಒಣಗುವವರೆಗೆ ಹಾಡಿದ ಹೆಂಗಸಿಗೆ ನಾವು ಏನು ಕೊಟ್ಟೆವು? ದಫ್ ಕಲಿಸಿದ ಉಸ್ತಾದರಿಗೆ ಕೊಟ್ಟದ್ದು ಕೂಲಿಯೋ, ಖುಷಿಗೆ ಕೊಟ್ಟ ನೋಟೋ? ಮದುವೆ ಮನೆಯಲ್ಲಿ ಅವರಿಗೆ ಊಟ ಬಡಿಸುವುದು ಯಾವ ಪಂಕ್ತಿಯಲ್ಲಿ? ಕೆಲಸ ಇಲ್ಲದ ತಿಂಗಳಲ್ಲಿ ಅವರ ಮನೆಯ ಕಡೆ ಯಾರಾದರೂ ಹೋಗಿದ್ದೇವೆಯೇ?

ನಾವು ವ್ಯಾಪಾರದಿಂದ ಬದುಕಿದವರು. ಮಾತು ಕೊಟ್ಟರೆ ಕೊಟ್ಟಿತು, ತೂಕ ಹಿಡಿದರೆ ಸರಿಯಾಗಿ ಹಿಡಿಯಬೇಕು ಎಂದು ಹಿರಿಯರು ಕಲಿಸಿದ್ದಾರೆ. ಅದೇ ಲೆಕ್ಕವನ್ನು ಕಲೆಗೂ ಹಾಕಬಹುದು. ತಂಡವನ್ನು ಕರೆದರೆ ಮೊತ್ತವನ್ನು ಮೊದಲೇ ಹೇಳುವುದು, ಅರ್ಧ ಮುಂಗಡ ಕೊಡುವುದು, ಕಾರ್ಯಕ್ರಮ ರದ್ದಾದರೆ ಆ ಮುಂಗಡವನ್ನು ವಾಪಸ್ ಕೇಳದಿರುವುದು, ಕೊಟ್ಟದ್ದಕ್ಕೆ ಒಂದು ಕಾಗದ ಬರೆದು ಕೊಡುವುದು. ನಾಳೆ ಅವರು ಮಾಸಾಶನಕ್ಕೆ ಅರ್ಜಿ ಹಾಕುವಾಗ ಆ ಕಾಗದವೇ ಸಾಕ್ಷಿಯಾಗುತ್ತದೆ. ಇದಕ್ಕೆ ಸರಕಾರ ಬೇಕಿಲ್ಲ, ಒಂದು ಮೊಹಲ್ಲಾದ ನಾಲ್ಕು ಮನೆಯವರು ಮನಸ್ಸು ಮಾಡಿದರೆ ಸಾಕು.

ಇನ್ನೊಂದು ಕೆಲಸವೂ ಬಾಕಿ ಇದೆ. ನಿಮ್ಮ ಊರಿನಲ್ಲಿ ದಫ್ ಬಾರಿಸುತ್ತಿದ್ದ, ಹಾಡುತ್ತಿದ್ದ ಹಿರಿಯರು ಇದ್ದರೆ ಅವರ ಹತ್ತಿರ ಕೂತು ಅವರ ಒಂದು ವರ್ಷದ ಕತೆ ಕೇಳಿ. ಯಾವ ತಿಂಗಳು ಯಾವ ಊರು, ಯಾರ ಮದುವೆ, ಎಷ್ಟು ದೂರ ನಡೆದು ಹೋದರು, ಮಳೆಗಾಲದಲ್ಲಿ ಏನು ತಿಂದರು ಎಂದು ಕೇಳಿ ಬರೆದಿಡಿ. ಬ್ಯಾರಿಯಲ್ಲಿ ಬರೆದರೂ ಸರಿ, ಕನ್ನಡದಲ್ಲಿ ಬರೆದರೂ ಸರಿ. ಕೋಟೆ ಗೆದ್ದವರ ತಾರೀಕುಗಳನ್ನು ಬರೆದಿಡಲು ಎಂದೂ ಜನರ ಕೊರತೆ ಆಗಿಲ್ಲ. ಆಟಿಯ ಮಳೆಯಲ್ಲಿ ದಫ್‌ನ ಚರ್ಮ ಮೆತ್ತಗಾಗದ ಹಾಗೆ ಅಡಿಗೆ ಮನೆಯ ಅಟ್ಟದಲ್ಲಿ ಕಾಪಾಡಿಟ್ಟವರ ಹೆಸರನ್ನು ನಾವು ಬರೆಯದಿದ್ದರೆ ಬೇರೆ ಯಾರೂ ಬರೆಯುವುದಿಲ್ಲ.